ಅವ್ವನ ಕಣ್ಣು, ನನ್ನ ಸುಳ್ಳು

ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಮಕ್ಕಳಿಗೆ ನೇತ್ರದಾನದ ಬಗ್ಗೆ ಹೇಳುವ ಕೆಲಸವೂ ನನ್ನದೇ. ಸತ್ತ ಆರು ತಾಸಿನೊಳಗೆ ತೆಗೆಯಬೇಕು, ಕಣ್ಣಿನ ಮೇಲಿನ ತೆಳು ಪಾರದರ್ಶಕ ಪದರವನ್ನಷ್ಟೇ ತೆಗೆಯುತ್ತಾರೆ, ಮುಖ ಕೆಡುವುದಿಲ್ಲ ಎಂದೆಲ್ಲ ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಿದ್ದೆ.

ಅವ್ವ ನೇಸರಗಿಯಲ್ಲಿ ಅಣ್ಣನ ಜೊತೆ ಇದ್ದಳು. ಎರಡು ವರ್ಷದ ಹಿಂದೆ ಅವಳ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ವಾರದಲ್ಲಿ ಅಂಗಳಕ್ಕೆ ಹಾಕಿದ್ದ ಕುಸುಬೆ ಆರಿಸುತ್ತ ಕೇಳಿದಳು:

"ಪರಿ ತೆಗಿಸಿದ ಕಣ್ಣೂ ನಡಿತಾವೇನೋ, ಕೊಡಾಕ?"

"ನಡಿತಾವ ಅವ್ವಾ."

"ಹಂಗಾರ ನನ್ನ ಹೆಸರೂ ಬರಿ. ಮಣ್ಣಾಗ ಹೋಗೂವು, ಯಾರರ ನೋಡ್ಲಿ."

ಫಾರ್ಮಿಗೆ ಸಹಿ ಮಾಡಿದಳು. ಬೆಳಗಾವಿಯ ನೇತ್ರ ಬ್ಯಾಂಕಿನವರು ಕೊಟ್ಟ ಚೀಟಿ ನನ್ನ ಪಾಕೀಟಿನಲ್ಲೇ ಉಳಿಯಿತು. ಅಣ್ಣನಿಗೆ ಹೇಳುವ ಧೈರ್ಯ ಬರಲಿಲ್ಲ. ದಿನಾ ಲಿಂಗಪೂಜೆ ಮಾಡದೆ ನೀರೂ ಮುಟ್ಟದ ಮನುಷ್ಯ ಅವನು.

ಕಳೆದ ಮಾಘದಲ್ಲಿ ಒಂದು ದಿನ ನಸುಕಿನ ಐದಕ್ಕೆ ಅವ್ವ ತೀರಿಕೊಂಡಳು. ಸುದ್ದಿ ತಿಳಿದು ನಾನು ಬೈಕ್ ಹತ್ತಿದೆ. ಬೆಳಗಾವಿಯಿಂದ ಅವರ ಗಾಡಿ ಬರಲು ತಾಸೊಂದು ಸಾಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮನೆ ಮುಟ್ಟುವಷ್ಟರಲ್ಲಿ ಅವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಮುಚ್ಚಿದ ರೆಪ್ಪೆಗಳು ಅಂಗೈಯನ್ನೇ ನೋಡುತ್ತಿರುವಂತಿದ್ದವು. ಮಣ್ಣಿಗೆ ಇಳಿಸುವಾಗಲೂ ದೃಷ್ಟಿ ಲಿಂಗದ ಮೇಲಿರಬೇಕು ಎನ್ನುವ ಮನೆ ನಮ್ಮದು. ಭಜನೆಯವರು ತಾಳ ಹಿಡಿದು ಕೂತಿದ್ದರು. ಪಕ್ಕದಲ್ಲಿ ಅಣ್ಣ, ತಲೆ ಎತ್ತದೆ.

ನಾನು ಬಾಗಿಲ ಬಳಿಯೇ ಕೂತೆ. ಫೋನ್ ಕೈಯಲ್ಲೇ ಇತ್ತು. ಎದ್ದು ಹೊರಗೆ ಹೋದರೆ ಎಲ್ಲರೂ ನೋಡುತ್ತಾರೆ, ಕೂತರೆ ಹೊತ್ತು ಹೋಗುತ್ತದೆ. ಏಳಾಯಿತು, ಎಂಟಾಯಿತು. ಜನ ಒತ್ತಿ ಬಂದಂತೆ ನಾನು ಗೋಡೆಗೆ ಸರಿಯುತ್ತ ಹೋದೆ. ಶಾಲೆಯಲ್ಲಿ ಅಷ್ಟು ಸರಾಗವಾಗಿ ಬರುವ ಮಾತಿನಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಆ ರೆಪ್ಪೆಗಳನ್ನು ಯಾರೋ ಬಿಡಿಸುವುದನ್ನು ನೆನೆದು ಫೋನನ್ನು ಜೇಬಿಗೆ ಹಾಕಿದೆ. ಅಣ್ಣನಿಗೆ ಹೆದರಿದ್ದೇನೆ ಎಂದುಕೊಂಡಿದ್ದೆ; ಅದರಲ್ಲಿ ಅರ್ಧ ನನ್ನದೇ ಹಿಂಜರಿಕೆ ಎಂದು ಆಗ ತಿಳಿಯಿತು.

ಒಂಬತ್ತಕ್ಕೆ ಮನೋಳಿಯಿಂದ ಚಿಗವ್ವ ಬಂದಳು, ಅವ್ವನ ತಂಗಿ. ಅತ್ತು ಮುಗಿಸಿ ಎಲ್ಲರ ನಡುವೆ ನನ್ನತ್ತ ತಿರುಗಿದಳು.

"ತಮ್ಮಾ, ಅಕ್ಕ ಕಣ್ಣ ಕೊಡತೇನಿ ಅಂದಿದ್ಳಲ್ಲೋ. ಅವರಿಗೆ ಹೇಳಿಯೇನು?"

ತಾಳ ನಿಂತಿತು. ಅಣ್ಣ ತಲೆ ಎತ್ತಿ ನನ್ನನ್ನೇ ನೋಡಿದ.

"ಹೊತ್ತ ಮೀರೇತಿ ಚಿಗವ್ವಾ," ಎಂದೆ. "ಈಗ ಉಪಯೋಗ ಇಲ್ಲ."

ಇನ್ನೂ ಎರಡು ತಾಸು ಉಳಿದಿತ್ತು. ಅದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಮಾಸ್ತರ ಹೇಳಿದ ಮೇಲೆ ಮುಗಿಯಿತು ಎಂಬಂತೆ ಭಜನೆ ಮತ್ತೆ ಶುರುವಾಯಿತು. ಮಧ್ಯಾಹ್ನ ಅವ್ವನನ್ನು ಹೊಲದಲ್ಲಿ ಸಮಾಧಿ ಮಾಡಿದೆವು.

ಐದನೆಯ ದಿನ ಅಣ್ಣ ಹೊಲದ ಬದುವಿನ ಮೇಲೆ ಕೂತು ತಾನಾಗಿ ಮಾತು ತೆಗೆದ.

"ಅವ್ವ ನನಗೂ ಹೇಳಿದ್ಳು. ಮಠದ ಅಯ್ಯನವರನ್ನ ಕೇಳಿ ಇಟ್ಟಿದ್ದೆ, ಕೊಡ್ರಿ ಅಂದಿದ್ರು. ಅವತ್ತ ನೀ ಬಂದು ಹೇಳತಿ ಅಂತ ದಾರಿ ಕಾಯ್ದೆ. ಹೊತ್ತ ಮೀರಿತು. ನಿನ್ನ ತಪ್ಪೇನೈತಿ, ಮನಸಿಗೆ ಹಚ್ಕೋಬ್ಯಾಡ."

ನನ್ನ ಭುಜದ ಮೇಲೆ ಕೈ ಇಟ್ಟ. ಆಗಲಾದರೂ ಹೇಳಬಹುದಿತ್ತು. ಅವನ ಕೈ ಅಲ್ಲಿಂದ ಏಳುವವರೆಗೂ ಬದುವಿನ ಹುಲ್ಲು ಕೀಳುತ್ತ ಕೂತೆ.

ಈ ವರ್ಷವೂ ಹೆಡ್‌ಮಾಸ್ತರರು ಆ ಭಾಷಣ ನನಗೇ ಹಚ್ಚಿದರು. ಒಲ್ಲೆ ಎನ್ನಲು ಕಾರಣ ಹೇಳಬೇಕಿತ್ತು. ಮಾತು ಮುಗಿದ ಮೇಲೆ ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ನಿಮ್ಮ ಮನ್ಯಾಗ ಯಾರರ ಕೊಟ್ಟಾರೇನ್ರಿ?"

"ನಮ್ಮವ್ವ ಬರೆದುಕೊಟ್ಟಿದ್ಳು," ಎಂದೆ.

ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ತಿದ್ದಲಿಲ್ಲ.

ಹೋದ ತಿಂಗಳು ಅಣ್ಣ ಫೋನ್ ಮಾಡಿ ತನಗೂ ಚಿಗವ್ವನಿಗೂ ಎರಡು ಫಾರ್ಮು ತರಲು ಹೇಳಿದ. "ನಮ್ಮ ಸರತಿ ಬಂದಾಗ ಹೊತ್ತ ಮೀರೂದರೊಳಗ ನೀನ ಹೇಳಬೇಕು ನೋಡಪಾ. ನಿನ್ನ ಬಿಟ್ಟರ ನಮಗ ಯಾರಿಗೂ ತಿಳಿಯೂದಿಲ್ಲ." ಆಗಲಿ ಎಂದೆ. ಫಾರ್ಮುಗಳನ್ನು ತಂದಿದ್ದೇನೆ. ಇನ್ನೂ ನೇಸರಗಿಗೆ ಹೋಗಿಲ್ಲ.