ದಿಬ್ಬಣದ ಬೀರೇಶ

ಚನ್ನಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಬೀರೇಶ ಒಂದು ಸಾಫ್ಟ್‌ವೇರ್ ಬೇಕೆಂದರೆ ಒಂದನ್ನೇ ಇಳಿಸಿಕೊಳ್ಳುವವನಲ್ಲ. ತಾನಾಗೇ ಇಳಿಸಿಕೊಳ್ಳುವಂತೆ ಸ್ಕ್ರಿಪ್ಟ್ ಬರೆದು ಓಡಲು ಬಿಟ್ಟು, ಆ ಸಾಫ್ಟ್‌ವೇರ್ ನಡೆಯಲು ಬೇಕಾದ ಉಳಿದ ಪ್ಯಾಕೇಜುಗಳನ್ನೆಲ್ಲ ಬುಡಸಮೇತ ಹಾರ್ಡ್‌ಡಿಸ್ಕಿಗೆ ತುಂಬುತ್ತಾನೆ. “ಮದ್ವೆಗೆ ಗಂಡೊಬ್ನೇ ಬಂದ್ರೆ ಆಯ್ತದಾ? ದಿಬ್ಬಣನೂ ಬರ್ಬೇಕು ಕಣಣ್ಣ” ಎನ್ನುತ್ತಾನೆ. “ನೆಟ್ ಐತಲ್ಲಪ್ಪ” ಎಂದು ಗಿರಾಕಿ ನಕ್ಕರೆ, “ಇವತ್ತು ಐತೆ” ಎಂದಷ್ಟೇ ಹೇಳಿ ಬೈರಾಪಟ್ಟಣದ ಮನೆಗೆ ಹೊರಡುತ್ತಾನೆ. ಅಲ್ಲಿ, ಗಂಟಲಿನ ಆಪರೇಷನ್ನಿನಲ್ಲಿ ದನಿ ಕಳೆದುಕೊಂಡ ಹೆಂಡತಿ ವರಲಕ್ಷ್ಮಿ ಟೈಪ್ ಮಾಡಿದ್ದನ್ನು ಲ್ಯಾಪ್‌ಟಾಪು ಓದಿ ಹೇಳುತ್ತದೆ. ಕಣ್ಣು ಕಾಣದ ಅವಳ ತಾಯಿ ಸಾಯುವ ಹೊತ್ತಿನಲ್ಲಿ “ಎಲ್ಲಿದ್ದೀಯವ್ವ, ಒಸಿ ಮಾತಾಡು” ಎಂದು ಕೇಳುತ್ತಲೇ ಇದ್ದಾಗ ನೆಟ್ ಹೋಗಿತ್ತು. ಓದುವ ದನಿ ನೆಟ್ಟಿನಿಂದಲೇ ಬರಬೇಕಿದ್ದರಿಂದ ಲ್ಯಾಪ್‌ಟಾಪು ಬಾಯಿ ಬಿಡಲಿಲ್ಲ. ಅಂದಿನಿಂದ ಬೀರೇಶ ಹೊಸದೇನು ಹಾಕಿದರೂ ನೆಟ್ಟಿನ ವೈರು ಕಿತ್ತು, ಅದು ಮಾತಾಡುತ್ತದಾ ಎಂದು ಕಾಯುತ್ತಾನೆ. ಪರೀಕ್ಷೆಗೆಂದು ವರಲಕ್ಷ್ಮಿ ಟೈಪ್ ಮಾಡುವುದು ಯಾವಾಗಲೂ ಒಂದೇ ಮಾತು: “ಇಲ್ಲೇ ಇವ್ನಿ ಕಣವ್ವ.”