ಒದ್ದೆ ನಾಯಿಯ ಸಾಕ್ಷಿ

ಈ ಸಲದ ಮೊದಲ ಮಳೆಗೆ ಬೀದಿನಾಯಿಯೊಂದು ನನ್ನ ಅಂಗಡಿಗೆ ನುಗ್ಗಿ, ಆಗಷ್ಟೇ ಬಣ್ಣ ಹೊಡೆಸಿಟ್ಟಿದ್ದ ಹಳೆಯ ಮೋಟಾರ್ ಪಂಪಿನ ಪಕ್ಕ ನಿಂತು ಮೈ ಜಾಡಿಸಿತು. ಒದ್ದೆ ನಾಯಿಯ ಆ ವಾಸನೆ! ಓಡಿಸಲು ಕೋಲೆತ್ತಿದವನು ಹಾಗೇ ನಿಂತೆ... ವಾಸನೆಯ ಹಿಂದೆಯೇ ಎದುರು ಮನೆಯ ಕಾಕಾ ನೆನಪಾದರು. ಅವರ ಮೇಲಿನ ಸಿಟ್ಟೂ ನೆನಪಾಯಿತು.

ನಿಪ್ಪಾಣಿಯಲ್ಲಿ ನಾನು ಬರಿಗೈಲಿ ಬಂದು ಅಂಗಡಿ ಹಾಕಿದಾಗಿನಿಂದ ಅವರು ಗೊತ್ತು. ಕಾಕಾ ಜೈನರು, ವ್ರತದಲ್ಲಿ ಬಲು ಗಟ್ಟಿ. ಚಾತುರ್ಮಾಸ ಶುರುವಾದರೆ, ಹುಲ್ಲಿನೊಳಗಿನ ಹುಳಹುಪ್ಪಟೆ ಕಾಲಿಗೆ ಸಿಗಬಾರದೆಂದು ನಾಲ್ಕು ತಿಂಗಳು ಊರು ಬಿಟ್ಟು ಕದಲುತ್ತಿರಲಿಲ್ಲ. ಅದಕ್ಕೇ ಮಿರಗದ, ಅಂದರೆ ಮೃಗಶಿರಾ ಮಳೆ ಒಂದೆರಡು ಬಿದ್ದ ಕೂಡಲೇ, ತಾವು ಸಾಕಿದ ರಾಜಾ, ಮೋತಿ ಎಂಬ ಎರಡು ನಾಯಿಗಳನ್ನು ಕರೆದುಕೊಂಡು ಘಾಟಿನ ಕಡೆಯ ಗುಡ್ಡ ಹತ್ತಿ, ಮೇಲಿನ ಕೆರೆ ನೋಡಿ ಬರುತ್ತಿದ್ದರು. ಜೊತೆಗೆ ನಾನು. ಮೊದಲ ಮಳೆಗೆ ಗುಡ್ಡ ಹತ್ತುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಕೊಲ್ಹಾಪುರಿ ಚಪ್ಪಲಿ ಮನೆಯಲ್ಲಿಡಿ, ಕೆಂಪು ಕಲ್ಲನ್ನು ನಂಬಬೇಡಿ. ಕಾಕಾರಿಗೂ ಪ್ರತಿ ವರ್ಷ ಹೇಳುತ್ತಿದ್ದೆ. ಅವರು ಒಮ್ಮೆಯೂ ಕೇಳಲಿಲ್ಲ.

ಸಿಟ್ಟು ಹುಟ್ಟಿದ ಆ ವರ್ಷ, ಗುಡ್ಡ ಹತ್ತುವ ಹಿಂದಿನ ದಿನ ಅವರಿಗೆ ಉಪವಾಸ, ಅಂದೂ ಇನ್ನೂ ಉಂಡಿರಲಿಲ್ಲ. ಇಳಿದು ಮನೆ ಸೇರಿ, ಹೊತ್ತು ಮುಳುಗುವ ಮೊದಲು ಊಟ ಮಾಡಿದರೆ ಉಂಟು, ಇಲ್ಲದಿದ್ದರೆ ಮರುದಿನವೇ. ಕೆರೆ ಅರ್ಧ ತುಂಬಿತ್ತು. ನಾಯಿಗಳು ದಡಬಡ ಹಾರಿ ಈಜಾಡಿದವು. ಕಾಕಾ ಮಾತ್ರ ಬಟ್ಟೆ ಮಡಿಸಿ ತಂಬಿಗೆಯ ಬಾಯಿಗೆ ಹಿಡಿದು ನೀರು ಸೋಸಿ, ತಾವು ಕುಡಿದು, ನಾಯಿಗಳಿಗೂ ಆ ನೀರನ್ನೇ ಇಟ್ಟರು. ಕೆರೆಯನ್ನೇ ಕುಡಿದು ಮುಗಿಸಿದ್ದ ನಾಯಿಗಳಿಗೆ ಸೋಸಿದ ನೀರು! ನಾನು ಹಣೆ ಹಣೆ ಚಚ್ಚಿಕೊಂಡೆ. ಅಷ್ಟರಲ್ಲಿ ಗುಡುಗಿತು. ರಾಜಾ ಹೆದರಿ ಓಡಿತು. ಕಾಕಾ ಆ ಬಟ್ಟೆಯನ್ನು ತಂಬಿಗೆಗೆ ತುರುಕಿ ಅದರ ಹಿಂದೆ ಓಡಿದರು.

ನಾಯಿ ಸಿಕ್ಕಿ ಅರ್ಧ ಗುಡ್ಡ ಇಳಿದ ಮೇಲೆ ತಂಬಿಗೆಯೊಳಗೆ ನೋಡಿದವರೇ ಕಾಕಾ ಅಲ್ಲೇ ನಿಂತುಬಿಟ್ಟರು. ಸೋಸಿದ ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಯಾವ ನೀರಿನಿಂದ ಎತ್ತಿದ್ದರೋ ಅದೇ ನೀರಿಗೆ ತಿರುಗಿ ಬಿಡಬೇಕು. ಅದು ಅವರ ಧರ್ಮ. ಗಡಿಬಿಡಿಯಲ್ಲಿ ಮರೆತಿದ್ದರು. ಪಕ್ಕದಲ್ಲೇ ಹಳ್ಳ ಹರಿಯುತ್ತಿತ್ತು.

"ಕಾಕಾ, ಇಲ್ಲೇ ಜಾಲಿಸಿಬಿಡ್ರಿ. ಈ ನೀರೂ ಮ್ಯಾಲಿಂದನ ಬಂದೈತಿ" ಎಂದೆ.

"ಗಿರಾಕಿಗೆ ಒಂದು ಪಂಪ್ ತೋರಿಸಿ ಇನ್ನೊಂದು ಕೊಟ್ರ ನಡೀತೈತೇನೋ ತಮ್ಮಾ?" ಎಂದು ಅವರು ಮೇಲಕ್ಕೆ ತಿರುಗಿದರು.

ಮೊಣಕಾಲು ಹಿಡಿದುಕೊಂಡು ನಡೆಯುತ್ತಿದ್ದ ಮನುಷ್ಯ, ಹೊಟ್ಟೆ ಖಾಲಿ. ನಾನು ಅಡ್ಡ ನಿಂತು ಸೌದಾ ಕುದುರಿಸಿದೆ: ನೀವು ಇಳಿದು ಹೋಗಿ ಊಟ ಮಾಡಿ, ಬಟ್ಟೆ ನಾನು ಕೆರೆಯಲ್ಲಿ ಜಾಲಿಸಿ ಬರುತ್ತೇನೆ. ಕಾಕಾ ನನ್ನ ಮುಖ ನೋಡಿದರು.

"ಹೋಗಿ ಬಾ. ಆದ್ರ ನಾಯಿ ಕರಕೊಂಡು ಹೋಗು."

ಅವು ಯಾಕೆ ಎಂದು ಕೇಳಿದೆ.

"ಈಗ ಒಣಗ್ಯಾವ. ಕೆರಿ ಕಂಡ್ರ ಮೋತಿ ಹಾರದ ಬಿಡೂದಿಲ್ಲ. ತೊಯ್ಸಿಕೊಂಡು ಬಂತಂದ್ರ ನೀ ಮುಟ್ಟೀದಿ ಅಂತ ತಿಳೀತೈತಿ."

ಊರಲ್ಲಿ ನನ್ನನ್ನು ಚೌಕಾಸಿಯಲ್ಲಿ ಸೋಲಿಸಿದವರಿಲ್ಲ. ಕಾಕಾ ಸೋಲಿಸಿದರು. ಸಿಟ್ಟಿನಲ್ಲೇ ಹತ್ತಿದೆ. ಕೆರೆ ಮುಟ್ಟಿದೆ. ಬಟ್ಟೆ ತಿರುವಿ, ಅವರು ಮಾಡುವಂತೆಯೇ ಆ ಜೀವಗಳನ್ನು ಮೆಲ್ಲಗೆ ನೀರಿಗೆ ಬಿಟ್ಟೆ. ಮೋತಿ ಹಾರಿತು, ತೊಯ್ದು ತಪ್ಪಡಿಯಾಗಿ ಬಂತು. ಒಳಗೊಳಗೇ ಖುಷಿಪಟ್ಟೆ.

ಇಳಿಯುವಾಗ ಆಕಾಶವೇ ಹರಿದಂತೆ ಮಳೆ ಸುರಿಯಿತು.

ಕಾಕಾ ಮನೆಗೆ ಹೋಗಿರಲಿಲ್ಲ. ಅದೇ ಜಾಗದಲ್ಲಿ ಮರದ ಕೆಳಗೆ ಕುಳಿತಿದ್ದರು. ಅವರೂ ಒದ್ದೆ, ನಾನೂ ಒದ್ದೆ, ನಾಯಿಗಳೂ ಒದ್ದೆ. ಹೊತ್ತು ಮುಳುಗಿತ್ತು, ಊಟ ತಪ್ಪಿತ್ತು. ಅವರು ಉಣ್ಣಲಿ ಎಂದಲ್ಲವೇ ನಾನು ಹತ್ತಿದ್ದು? ಕೆರೆಗೇ ಬಿಟ್ಟು ಬಂದೆ ಎಂದು ಹೇಳಿದೆ. ಕಾಕಾ ಮೋತಿಯನ್ನು ನೋಡಿದರು, ಮಳೆಯನ್ನು ನೋಡಿದರು.

"ಇರ್ಲಿ ಬಿಡು" ಎಂದರು.

ವ್ಯಾಪಾರ ಮಾಡುವವರು ತಿಳಿದಿರಬೇಕು, ಇದಕ್ಕಿಂತ ಕೆಟ್ಟ ಮಾತಿಲ್ಲ. ಬೇಡ ಎಂದವನ ಜೊತೆ ಜಗ್ಗಾಡಬಹುದು. ಇರಲಿ ಬಿಡು ಎಂದವನು ಕೊಳ್ಳುವುದೂ ಇಲ್ಲ, ಬಿಟ್ಟು ಹೋಗುವುದೂ ಇಲ್ಲ. ಆಮೇಲೆ ಎರಡು ಮೂರು ಸಲ ಆ ಮಾತು ತೆಗೆದೆ. ಅವರು ಮಾತು ಹೊರಳಿಸಿ ಮಳೆಬೆಳೆಯ ಕಡೆ ಹೋದರು. ಮರುವರ್ಷ ಗುಡ್ಡಕ್ಕೆ ನನ್ನನ್ನು ಕರೆಯಲಿಲ್ಲ. ಮನೆಯಿಂದಲೇ ಬಾಟಲಿಯಲ್ಲಿ ನೀರು ತುಂಬಿಕೊಂಡು, ನಾಯಿಗಳ ಜೊತೆ ಒಬ್ಬರೇ ಹೋದದ್ದನ್ನು ಅಂಗಡಿಯಿಂದ ನೋಡಿದೆ. ನನ್ನನ್ನು ನಂಬಲಿಲ್ಲವೋ, ಪರೀಕ್ಷೆ ಮಾಡಿದ್ದಕ್ಕೆ ಅವರಿಗೇ ಸಂಕೋಚವೋ... ಕೇಳಬೇಕು ಎಂದುಕೊಳ್ಳುವಷ್ಟರಲ್ಲಿ ಮುಂದಿನ ಮಳೆಗೆ ಅವರೇ ಇರಲಿಲ್ಲ.

ಈ ಸಲ, ಆ ನಾಯಿ ನುಗ್ಗಿದ ದಿನ ಸಂಜೆ, ಕಾಕಾರ ಮಗ ಪಂಪಿನ ವಾಷರ್ ಕೇಳಿಕೊಂಡು ಅಂಗಡಿಗೆ ಬಂದ. ತಡೆಯಲಾಗದೆ ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಕೂಡಲೇ ನಂಬಿದ. "ನೀವು ಬಿಟ್ಟ ಬಂದಿರ್ತೀರಿ ತಗೋರಿ, ಅದ್ರಾಗೇನೈತಿ" ಎಂದು ವಾಷರ್ ಜೇಬಿಗೆ ಹಾಕಿಕೊಂಡು ಹೋದ.

ಅವನು ನಂಬಿದ್ದನ್ನು ಇಟ್ಟುಕೊಂಡು ನಾನೇನು ಮಾಡಲಿ? ನನಗೆ ಬೇಕಾಗಿದ್ದುದು ಅವನ ಹತ್ತಿರ ಇರಲಿಲ್ಲ.