ತ್ರಿಶಲಾ ಟೀಚರು ಕೇಳಿದ ಬಡಿತ

ಮೂಡುಬಿದಿರೆಯ ತ್ರಿಶಲಾ ಟೀಚರಿಗೆ ರೇಡಿಯೊದ ಹುಚ್ಚು ಹತ್ತಿದ್ದು ಅಣ್ಣ ಸಂಪತ್‌ಕುಮಾರನಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದ ವಯರ್‌ಲೆಸ್ ವಿಭಾಗ ಸೇರಿದ್ದ ಅವನು, ರಜೆಗೆ ಬಂದಾಗ ಅಭ್ಯಾಸ ತಪ್ಪಬಾರದೆಂದು ಮೇಜಿನ ಮೇಲೆ ಮೋರ್ಸ್ ಸಂಕೇತಗಳನ್ನು ಬಡಿಯುತ್ತಿದ್ದ. ಎದುರು ಕೂತ ತಂಗಿ ಅಕ್ಷರಗಳನ್ನು ಹೇಳಬೇಕು. ಚಿಕ್ಕಂದಿನಲ್ಲಿ ಮಣಿಕಟ್ಟು ಮುರಿದುಕೊಂಡಿದ್ದರಿಂದ ಪ್ರತಿ ಮಾತಿನ ಕೊನೆಯ ಬಡಿತ ಅವನ ಕೈಯಲ್ಲಿ ತುಸು ಎಳೆದು ಬರುತ್ತಿತ್ತು. ಬರ್ಮಾಕ್ಕೆ ಹೋದವನು ಮರಳಲಿಲ್ಲ. ಕಾಣೆಯಾಗಿದ್ದಾನೆ ಎಂದಷ್ಟೇ ಸುದ್ದಿ. ಅವನು ಸತ್ತನೆಂದು ಹೆಂಡತಿ ವಿಮಲಾ ಒಪ್ಪಲಿಲ್ಲ.

೧೯೫೭ರಲ್ಲಿ ಬಂಟ್ವಾಳದ ರೇಡಿಯೊ ರಿಪೇರಿಯ ಅಬ್ದುಲ್ ಶುಕೂರ್, ಮಿಲಿಟರಿ ಗುಜರಿಯಿಂದ ಬಂದ ರಿಸೀವರೊಂದನ್ನು ತ್ರಿಶಲಾಳಿಗೆ ಸರಿಮಾಡಿ ಕೊಟ್ಟರು. ತೆಂಗಿನ ಮರಗಳ ನಡುವೆ ತಂತಿ ಕಟ್ಟಿ, ಲಾರಿ ಬ್ಯಾಟರಿ ಜೋಡಿಸಿದ್ದಾಯಿತು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವ ಮನೆ. ಊಟವಾದ ಮೇಲೆ ತ್ರಿಶಲಾ ಹಡಗುಗಳ ಮೋರ್ಸ್ ಕೇಳುತ್ತ ಕೂರುವಳು.

ಒಂದು ಸಂಜೆ 'ಜಲದೂತ' ಎಂಬ ಹಡಗು ಹೆಂಚು ತುಂಬಿಕೊಳ್ಳಲು ಮಂಗಳೂರಿಗೆ ಬರುತ್ತಿರುವುದಾಗಿ ತಿಳಿಸುತ್ತಿತ್ತು. ತ್ರಿಶಲಾ ರಿಸೀವರಿನ ಹತ್ತಿರಕ್ಕೆ ಬಾಗಿ ಕಿವಿಗೊಟ್ಟಳು. ಪ್ರತಿ ಮಾತಿನ ಕೊನೆಗೆ ಬಡಿತ ಎಳೆದು ಬರುತ್ತಿತ್ತು. ಅಷ್ಟರಲ್ಲಿ ವಿಮಲಾ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಮೋರ್ಸಿನ ಒಂದಕ್ಷರವೂ ಅವಳಿಗೆ ತಿಳಿಯದು.

"ಇವರು ಯಾವಾಗ ಬಂದದ್ದು?"

"ಯಾರು, ಅತ್ತಿಗೆ?"

"ಮೇಜು ಬಡಿಯುವುದು ಕೇಳ್ತಾ ಉಂಟಲ್ಲ."

ಮರುದಿನವೇ ತ್ರಿಶಲಾ ಬಂಟ್ವಾಳಕ್ಕೆ ಓಡಿದಳು. ಶುಕೂರರ ಭಾವ ಮೊಯ್ದೀನ್ ಮಂಗಳೂರಿನ ಬಂದರಿನಲ್ಲಿ ಕೆಲಸಕ್ಕಿದ್ದ. "ಹಡಗು ಬಂದ ಕೂಡ್ಲೆ ಅವ ಹೇಳಿ ಕಳಿಸ್ತಾನೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಟೀಚರೇ," ಎಂದರು ಶುಕೂರ್.

ಮೊಯ್ದೀನ್ ಹೇಳಿ ಕಳಿಸಿದ ದಿನ ತ್ರಿಶಲಾ ಮಂಗಳೂರಿನ ಬಂದರಿಗೆ ಹೋದಳು. ಹಡಗಿನಿಂದ ಇಳಿದು ಬಂದ ವಯರ್‌ಲೆಸ್ಸಿನವನು ಅಣ್ಣನಾಗಿರಲಿಲ್ಲ. ಕನ್ಯಾನ ಕಡೆಯ ಶಂಭು ಎಂಬ ಬಡಕಲು ಮನುಷ್ಯ. ತ್ರಿಶಲಾ ವಿಷಯ ಹೇಳುತ್ತಿದ್ದಂತೆ ಅವನು ಎಡಗೈಯಿಂದ ತನ್ನ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡ.

"ಯುದ್ಧದಲ್ಲಿ ಸೆರೆಸಿಕ್ಕಿ ಬರ್ಮಾದ ಜೈಲಿನಲ್ಲಿದ್ದಾಗ ಪಕ್ಕದ ಕೋಣೆಯವರೊಬ್ಬರು ಗೋಡೆ ಬಡಿದು ನನ್ನ ಹತ್ರ ಮಾತಾಡ್ತಿದ್ದರು. ಮುಖ ನೋಡ್ಲಿಲ್ಲ. ಎಲ್ಲ ಇಂಗ್ಲಿಷಿನಲ್ಲೇ. ಹೆಸರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ತಂಗಿಗೆ ಮೋರ್ಸ್ ಕಲಿಸಿದ್ದೇನೆ, ಅವಳು ನನಗಿಂತ ಚುರುಕು ಅಂತಿದ್ದರು."

"ಅಣ್ಣ ಈಗ ಎಲ್ಲಿದ್ದಾನೆ?"

"ಜ್ವರದಲ್ಲಿ ತೀರಿಕೊಂಡರು. ಕೋಣೆಗಳ ಸಾಲಿನಲ್ಲಿದ್ದ ಉಳಿದ ಕೈದಿಗಳು ಆ ಬಡಿತ ಕೇಳಿಯೇ ಜೀವ ಹಿಡಿದುಕೊಂಡಿದ್ದರು. ತೀರಿಕೊಂಡದ್ದು ಅವರಿಗೆ ಗೊತ್ತಾಗಬಾರದು ಅಂತ ನಾನೇ ನಿಮ್ಮ ಅಣ್ಣನ ಹಾಗೆ ಬಡಿದೆ, ಬಿಡುಗಡೆ ಆಗುವವರೆಗೂ. ಆಮೇಲೆ ನನ್ನ ಕೈ ನನಗೆ ವಾಪಸು ಸಿಗ್ಲಿಲ್ಲ, ಅಕ್ಕ. ಮೋರ್ಸ್ ಬಡಿಯುವ ಕೀ ಮುಟ್ಟಿದರೆ ಅವರೇ ಬರ್ತಾರೆ."

ತ್ರಿಶಲಾ ಅವನನ್ನು ಮನೆಗೆ ಕರೆತಂದಳು. ವಿಮಲಾ ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ. "ಒಮ್ಮೆ ಬಡಿಯಿರಿ," ಎಂದು ಮೇಜಿಗೆ ಕಿವಿಯಿಟ್ಟಳು.

ಶಂಭು ಬಡಿಯತೊಡಗಿದ. ಸ್ವಲ್ಪ ಹೊತ್ತಿಗೆ ಬೆವರಿ, ನಿಲ್ಲಿಸಲು ನೋಡಿದ. ಬೆರಳು ನಿಲ್ಲಲಿಲ್ಲ. ಅದು ಮತ್ತೆ ಮತ್ತೆ ಬಡಿಯುತ್ತಿದ್ದುದು ವಿಮಲಾ ಎಂಬ ಹೆಸರನ್ನು ಎಂದು ತ್ರಿಶಲಾಳಿಗೆ ತಿಳಿಯಿತು. ಆ ಹೆಸರನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮೇಜಿಗೆ ಕಿವಿಯಿಟ್ಟಿದ್ದ ವಿಮಲಾ, ಯಾರೋ ಮೆಲ್ಲಗೆ ಕರೆದಂತೆ, "ಹ್ಞೂಂ," ಎಂದಳು.

ಬಸದಿಯಲ್ಲಿ ಸಂಪತ್‌ಕುಮಾರನ ಹೆಸರಿನಲ್ಲಿ ಶಾಂತಿಪೂಜೆ ನಡೆಯಿತು. ಶಂಭು ಅದೇ ವರ್ಷ ಹಡಗಿನ ಕೆಲಸ ಬಿಟ್ಟು ಕನ್ಯಾನದಲ್ಲಿ ಜಿನಸಿನ ಅಂಗಡಿ ಇಟ್ಟ. ಮತ್ತೆ ಕೀ ಮುಟ್ಟಲಿಲ್ಲ.

ವಿಮಲಾ ಮಾತ್ರ ಸಂಜೆಯಾದರೆ ರೇಡಿಯೊದ ಪಕ್ಕ ಬಂದು ಕೂರುವಳು. ತ್ರಿಶಲಾ ಒಂದೊಂದೇ ಹಡಗನ್ನು ಹಿಡಿದು ಕೇಳಿಸುವಳು. ಅತ್ತಿಗೆ ತಲೆಯಾಡಿಸುವಳು.

"ಇದಲ್ಲ. ಇನ್ನೂ ಸ್ವಲ್ಪ ತಿರುಗಿಸು, ನೋಡುವ."